ಕರಿಹಲಗೆಯೂ ಕಂಚಿನ ಪ್ರತಿಮೆಯೂ

ತುರ್ಕಿ ಗಣರಾಜ್ಯದ ಮೊದಲ ವರ್ಷಗಳನ್ನು ಕುರಿತ ಗ್ರಂಥಗಳಲ್ಲಿ ಮತ್ತೆಮತ್ತೆ ಕಣ್ಣಿಗೆ ಬೀಳುವ ಛಾಯಾಚಿತ್ರವೊಂದುಂಟು. 1928ರ ಸೆಪ್ಟೆಂಬರ್ ತಿಂಗಳಲ್ಲಿ ಗಣರಾಜ್ಯದ ಅಧ್ಯಕ್ಷನಾಗಿದ್ದ ಮುಸ್ತಫಾ ಕೆಮಾಲ್ ಪಾಷಾನು ಸಿವಾಸ್, ಕಯ್ಸೆರಿ ಮೊದಲಾದ ಒಳನಾಡಿನ ಪಟ್ಟಣಗಳಲ್ಲಿ ಸಂಚರಿಸುತ್ತ, ಕರಿಹಲಗೆಯ ಬಳಿ ನಿಂತು ಹೊಸ ಲಿಪಿಯ ಅಕ್ಷರಗಳನ್ನು ಜನರಿಗೆ ತಾನೇ ತೋರಿಸಿಕೊಟ್ಟ ಸಂದರ್ಭದ ಚಿತ್ರವದು. ಹಲಗೆಯ ಮೇಲೆ ಸೀಮೆಸುಣ್ಣದ ಬರವಣಿಗೆ, ಪಕ್ಕದಲ್ಲಿ ಪಾಷಾ, ಸುತ್ತಲೂ ಬಹುಮಟ್ಟಿಗೆ ಯೂರೋಪಿಯನ್ ಉಡುಪಿನ ಗಂಡಸರು. ಕೆಲವೇ ವರ್ಷಗಳ ಹಿಂದೆ ಸೇನಾಪತಿಯ ಸಮವಸ್ತ್ರದಲ್ಲಿ ಲೋಕವು ಕಂಡಿದ್ದ ಮನುಷ್ಯನು ಇಲ್ಲಿ ಉಪಾಧ್ಯಾಯನಾಗಿರುವನು. ಲಿಪಿಯನ್ನು ಬದಲಿಸುವ ಶಾಸನವು ಆಗ ಇನ್ನೂ ಅಂಗೀಕೃತವಾಗಿರಲಿಲ್ಲ. ಅದಾದದ್ದು ನವೆಂಬರ್ 1ರಂದು. ಶಾಸನಕ್ಕಿಂತ ಮೊದಲೇ ಚಿತ್ರವು ಬಂದಿತು. ಈ ಕ್ರಮವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಉಪದೇಶವು ಮೂರು ಬಗೆಯದೆಂದು ನಮ್ಮ ಆಲಂಕಾರಿಕರು ಹೇಳುವರು. ವೇದವು ಪ್ರಭುವಿನಂತೆ ಆಜ್ಞಾಪಿಸುವುದು. ಪುರಾಣವು ಮಿತ್ರನಂತೆ ತಿಳಿಯಹೇಳುವುದು. ಕಾವ್ಯವು ಕಾಂತೆಯಂತೆ ಮನಸ್ಸನ್ನು ತನ್ನ ಕಡೆಗೆ ತಿರುಗಿಸಿಕೊಂಡು ತರುವಾಯ ಹಿತವನ್ನು ನುಡಿಯುವುದು. ಮಮ್ಮಟನು ಕಾವ್ಯಕ್ಕಾಗಿ ಮಾಡಿದ ಈ ವಿಭಾಗವನ್ನು ಚಿತ್ರಕ್ಕೂ ಪ್ರತಿಮೆಗೂ ಅನ್ವಯಿಸಿ ನೋಡಿದರೆ ತಪ್ಪಾಗಲಾರದು. ರಾಜ್ಯವು ಹಣವಿತ್ತು ಮಾಡಿಸಿದ ಚಿತ್ರವು ಸ್ವಭಾವತಃ ಪ್ರಭುಸಂಮಿತವೇ ಸರಿ. ಆದರೂ ಅದರಲ್ಲಿ ಕೆಲವು, ಮಾಡಿಸಿದವರ ಕೈಮೀರಿ, ಮಿತ್ರನ ಮಾತಾಗಿಯೂ ಕಾಂತೆಯ ಮಾತಾಗಿಯೂ ಪರಿಣಮಿಸುವುದುಂಟು. ಯಾವುದು ಹಾಗಾಯಿತು, ಯಾವುದು ಆಜ್ಞೆಯಾಗಿಯೇ ಉಳಿಯಿತು ಎಂಬುದೇ ಪ್ರಕೃತ ವಿಚಾರ.

ಆ ರಾಜ್ಯಕ್ಕೆ ಚಿತ್ರದ ಅವಶ್ಯಕತೆ ಅಷ್ಟೊಂದು ತೀವ್ರವಾಗಿ ಒದಗಿದ್ದೇಕೆ? 1922ರ ನವೆಂಬರಿನಲ್ಲಿ ಸುಲ್ತಾನಪದವಿಯು ರದ್ದಾಯಿತು; 1923ರ ಅಕ್ಟೋಬರ್ 29ರಂದು ಗಣರಾಜ್ಯವು ಘೋಷಿತವಾಯಿತು; 1924ರ ಮಾರ್ಚ್ 3ರಂದು ಖಲೀಫನ ಪೀಠವೂ ಹೋಯಿತು. ಪ್ರಜೆಗಳು ತಲೆತಲಾಂತರದಿಂದ ತಲೆಬಾಗುತ್ತಿದ್ದ ಎರಡು ಸ್ಥಾನಗಳೂ ಹದಿನಾರು ತಿಂಗಳಲ್ಲಿ ಬರಿದಾದುವು. ಉಳಿದದ್ದು ಯುದ್ಧದಿಂದ ಬಳಲಿದ ರೈತಾಪಿ ಜನ. 1927ರ ಜನಗಣತಿಯಂತೆ ದೇಶದ ಜನಸಂಖ್ಯೆ ಸುಮಾರು 1 ಕೋಟಿ 36 ಲಕ್ಷ. ಓದುಬರಹ ಬಲ್ಲವರು ಹೆಚ್ಚುಕಡಮೆ ಹತ್ತರಲ್ಲಿ ಒಬ್ಬರು. ಗಣರಾಜ್ಯವೆಂದರೇನು, ರಾಷ್ಟ್ರವೆಂದರೇನು ಎಂಬುದನ್ನು ಇಂತಹ ಜನಕ್ಕೆ ಲೇಖನದಿಂದ ತಿಳಿಸುವುದು ಆಗದ ಮಾತು. ಪತ್ರಿಕೆಯನ್ನು ಓದಲಾರದವನೂ ಚೌಕದಲ್ಲಿ ನಿಂತ ಪ್ರತಿಮೆಯನ್ನು ನೋಡಬಲ್ಲನಷ್ಟೆ.

ಇಸ್ಲಾಮಿನಲ್ಲಿ ರೂಪಚಿತ್ರಣವು ನಿಷಿದ್ಧವಾದುದರಿಂದ ತುರ್ಕರಿಗೆ ಚಿತ್ರವೇ ಹೊಸದಾಗಿತ್ತೆಂದು ಹಲವರು ಬರೆದುಬಿಡುವರು. ಅದು ಸರಿಯಲ್ಲ. ಇಸ್ತಾಂಬೂಲನ್ನು ಗೆದ್ದ ಎರಡನೆಯ ಮೆಹ್ಮೆದನು ವೆನಿಸ್ ನಗರದ ಜೆಂತಿಲೆ ಬೆಲ್ಲಿನಿಯಿಂದ ತನ್ನ ಮುಖವನ್ನು ಬರೆಯಿಸಿಕೊಂಡಿದ್ದನು. ಆ ಪಟದ ಮೇಲೆ 1480 ಎಂಬ ವರ್ಷವಿದೆ. ಎರಡನೆಯ ಮಹಮೂದನು ತನ್ನ ಚಿತ್ರಗಳನ್ನು ಸರಕಾರಿ ಕಚೇರಿಗಳಲ್ಲಿ ತೂಗಹಾಕಿಸಿದನು. ಅಬ್ದುಲಜೀಜ ಸುಲ್ತಾನನು 1871ರ ಸುಮಾರಿಗೆ ಇಂಗ್ಲಿಷ್ ಶಿಲ್ಪಿಯೊಬ್ಬನಿಂದ ತನ್ನ ಅಶ್ವಾರೂಢ ಪ್ರತಿಮೆಯನ್ನೇ ಮಾಡಿಸಿಕೊಂಡನು. ಆದರೆ ಅದು ಅರಮನೆಯ ಬಾಗಿಲನ್ನು ದಾಟಿ ಬೀದಿಗೆ ಬರಲಿಲ್ಲ. ಹೊಸದಾದದ್ದು ಪ್ರತಿಮೆಯಲ್ಲ, ಬೀದಿಯಲ್ಲಿನ ಪ್ರತಿಮೆ. ಬೀದಿಯಲ್ಲಿ, ಮಸೀದಿಯಲ್ಲಿ, ಕಚೇರಿಯಲ್ಲಿ ಸಾಮಾನ್ಯನ ಕಣ್ಣಿಗೆ ಅದುವರೆಗೆ ಚಿತ್ರದ ಸ್ಥಾನದಲ್ಲಿದ್ದದ್ದು ಅಕ್ಷರ. ಸುಲ್ತಾನನ ಮುದ್ರೆಯಾದ ತುಘ್ರಾ ಎಂಬುದು ಬರಿಯ ಸಹಿಯಲ್ಲ, ರೇಖೆಗಳ ಒಂದು ವೈಭವ. ಓದಲು ಬಾರದವನೂ ಅದನ್ನು ನೋಡಿ ಗುರುತಿಸುತ್ತಿದ್ದನು. ಆದುದರಿಂದ ಗಣರಾಜ್ಯವು ಬರಿಯ ಗೋಡೆಯ ಮೇಲೆ ಚಿತ್ರವನ್ನು ತೂಗಹಾಕಲಿಲ್ಲ. ಅಕ್ಷರವಿದ್ದ ಜಾಗದಲ್ಲಿ ಮುಖವನ್ನಿಟ್ಟಿತು.

1923ರ ಜನವರಿಯಲ್ಲಿಯೇ, ಬುರ್ಸಾ ನಗರದಲ್ಲಿ ಭಾಷಣ ಮಾಡುತ್ತ, ಮುನ್ನಡೆಯಬಯಸುವ ಜನಾಂಗವು ಪ್ರತಿಮೆಗಳನ್ನು ನಿರ್ಮಿಸಲೇಬೇಕೆಂದೂ, ವಿಗ್ರಹಾರಾಧನೆಯ ಭಯವು ಹಿಂದಿನ ಕಾಲಕ್ಕೆ ಸೇರಿದ್ದೆಂದೂ ಪಾಷಾನು ವಾದಿಸಿದ್ದನು. 1926ರ ಅಕ್ಟೋಬರಿನಲ್ಲಿ ಇಸ್ತಾಂಬೂಲಿನ ಸರಾಯ್‌ಬುರ್ನು ಎಂಬಲ್ಲಿ, ಹಳೆಯ ಅರಮನೆಯ ಬುಡದಲ್ಲಿಯೇ, ಅವನ ಮೊದಲ ಪ್ರತಿಮೆ ನಿಂತಿತು. ಮಾಡಿದವನು ಆಸ್ಟ್ರಿಯದ ಹೈನ್ರಿಖ್ ಕ್ರಿಪ್ಪೆಲ್. ಆ ಪ್ರತಿಮೆಯಲ್ಲಿ ಅವನು ಕುದುರೆಯ ಮೇಲಿಲ್ಲ, ಸಮವಸ್ತ್ರದಲ್ಲಿಯೂ ಇಲ್ಲ. ಸಾಮಾನ್ಯ ನಾಗರಿಕನ ಸೂಟಿನಲ್ಲಿ, ಸೊಂಟದ ಮೇಲೆ ಕೈಯಿಟ್ಟು ನಿಂತಿರುವನು. ಹಿಂದಿನ ವರ್ಷ, 1925ರ ನವೆಂಬರಿನಲ್ಲಿ, ಗಂಡಸರ ಟೋಪಿಯನ್ನು ಕುರಿತ ಶಾಸನವಾಗಿತ್ತು. ಅದನ್ನು ಪ್ರತಿಭಟಿಸಿದವರಲ್ಲಿ ಕೆಲವರು ಗಲ್ಲಿಗೇರಿದರು. ಉಡುಪೇ ರಾಜಾಜ್ಞೆಯಾಗಿದ್ದ ಕಾಲದಲ್ಲಿ ಕಂಚಿನ ಸೂಟಿನ ಅರ್ಥವನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಭಾಸನ ಪ್ರತಿಮಾನಾಟಕವನ್ನು ಓದಿದವರಿಗೆ ಇಲ್ಲಿ ಒಂದು ಸಂಗತಿ ನೆನಪಾಗದಿರದು. ಸೋದರಮಾವನ ಮನೆಯಿಂದ ಮರಳುವ ಭರತನು ಊರ ಹೊರಗಿನ ಪ್ರತಿಮಾಗೃಹವನ್ನು ಹೊಕ್ಕು ಪೂರ್ವಜರ ಸಾಲಿನಲ್ಲಿ ತಂದೆಯ ಪ್ರತಿಮೆಯನ್ನು ಕಾಣುವನು. ಬದುಕಿರುವವರ ಪ್ರತಿಮೆಯನ್ನು ಅಲ್ಲಿ ಇಡುವುದಿಲ್ಲವೆಂಬುದು ತಿಳಿದೊಡನೆ ದಶರಥನು ಇಲ್ಲವಾದನೆಂಬುದೂ ತಿಳಿಯುವುದು. ಪ್ರತಿಮೆಯೆಂಬುದು ಹೋದವರ ಗುರುತು ಎಂಬ ಭಾವನೆ ಆ ದೃಶ್ಯದ ಪ್ರಾಣವಾಗಿದೆ. ತುರ್ಕಿಯ ಅಧ್ಯಕ್ಷನಾದರೋ ತನ್ನ ಪ್ರತಿಮೆಗಳ ನಡುವೆ ಹನ್ನೆರಡು ವರ್ಷ ಬದುಕಿದ್ದನು. ಅಂಕಾರಾ, ಕೊನ್ಯಾ, ಸಂಸೂನ್, ಇಜ್ಮಿರ್, ಹೀಗೆ ಊರಿಂದೂರಿಗೆ ಅವು ಹಬ್ಬಿದುವು. ಜೀವಂತನ ಪ್ರತಿಮೆಯು ಸ್ಮರಣೆಯನ್ನು ಕೇಳುವುದಿಲ್ಲ, ವಿಧೇಯತೆಯನ್ನು ಕೇಳುತ್ತದೆ. ಈ ಭೇದವನ್ನು ಅಲ್ಲಿನ ಶಿಲ್ಪಿಗಳು ಬಲ್ಲವರಾಗಿದ್ದರೋ ಇಲ್ಲವೋ, ಅವರ ಕೆಲಸದಲ್ಲಿ ಅದು ಕಾಣುತ್ತದೆ.

ಶಿಲ್ಪಿಗಳಾದರೂ ಯಾರು? ಕ್ರಿಪ್ಪೆಲನಲ್ಲದೆ, 1928ರಲ್ಲಿ ಇಸ್ತಾಂಬೂಲಿನ ತಕ್ಸಿಮ್ ಚೌಕದ ಸ್ಮಾರಕವನ್ನು ಮಾಡಿದ ಪಿಯೆತ್ರೊ ಕನೋನಿಕಾನು ಇಟಲಿಯವನು. 1911ರಲ್ಲಿ ಲಿಬಿಯದ ಮರಳುಗಾಡಿನಲ್ಲಿ ಕೆಮಾಲನು ಯುದ್ಧ ಮಾಡಿದ್ದು ಇಟಲಿಯ ಸೈನ್ಯದ ಮೇಲೆಯೇ. ತಕ್ಸಿಮ್ ಸ್ಮಾರಕದ ಒಂದು ಮುಖದಲ್ಲಿ ಯುದ್ಧದ ನಾಯಕ, ಇನ್ನೊಂದು ಮುಖದಲ್ಲಿ ಗಣರಾಜ್ಯದ ಸ್ಥಾಪಕ. ಸಂಗಡಿಗರ ನಡುವೆ ಸೋವಿಯತ್ ರಷ್ಯದ ಫ್ರುಂಜೆ, ವೊರೊಶಿಲೋಫ್ ಎಂಬ ಇಬ್ಬರು ಸೇನಾನಿಗಳೂ ನಿಂತಿರುವರು. ಆಗಿನ ಸ್ನೇಹದ ಲೆಕ್ಕಪತ್ರವು ಕಂಚಿನಲ್ಲಿ ಉಳಿದುಹೋಯಿತು. ಇದನ್ನು ಶಿಲ್ಪವೆನ್ನುವುದಕ್ಕಿಂತ ದಸ್ತಾವೇಜು ಎನ್ನುವುದು ಮೇಲು.

ಅಂಕಾರಾದ ಉಲುಸ್ ಚೌಕದಲ್ಲಿರುವ ಕ್ರಿಪ್ಪೆಲನ 1927ರ ವಿಜಯಸ್ಮಾರಕವು ಬೇರೆ ಜಾತಿಯದು. ಮೇಲೆ ಕುದುರೆಯನ್ನೇರಿದ ನಾಯಕನು ಯೂರೋಪಿನ ಯಾವ ನಗರದಲ್ಲಿಯಾದರೂ ಇರಬಹುದಾದವನು. ಕೆಳಗೆ ಇಬ್ಬರು ಸೈನಿಕರು. ಅವರೊಡನೆ ಹೆಗಲ ಮೇಲೆ ತೋಪಿನ ಗುಂಡನ್ನು ಹೊತ್ತ ರೈತಹೆಂಗಸು. ಸ್ವಾತಂತ್ರ್ಯಯುದ್ಧದಲ್ಲಿ ಕಪ್ಪುಸಮುದ್ರದ ದಂಡೆಯ ಇನೆಬೊಲು ಬಂದರಿನಿಂದ ಬೆಟ್ಟಗಳನ್ನು ದಾಟಿ ಅಂಕಾರಾದ ಕಡೆಗೆ ಮದ್ದುಗುಂಡುಗಳನ್ನು ಎತ್ತಿನ ಗಾಡಿಗಳಲ್ಲಿಯೂ ಹೆಗಲಿನಲ್ಲಿಯೂ ಸಾಗಿಸಿದ ಹೆಂಗಸರು ಸತ್ಯವಾಗಿಯೂ ಇದ್ದರು. ಈ ಪ್ರತಿಮೆಗೆ ಹೆಸರಿಲ್ಲ, ಅವಳು ಯಾರಿಗೂ ದಾರಿ ತೋರಿಸುತ್ತಿಲ್ಲ, ಯಾರನ್ನೂ ನೋಡುತ್ತಿಲ್ಲ. ಹೊರೆಯನ್ನು ಹೊತ್ತಿದ್ದಾಳೆ, ಅಷ್ಟೆ. ಆ ಸ್ಮಾರಕದಲ್ಲಿ ಕರುಣವೂ ವೀರವೂ ಒಂದಾಗಿರುವ ಸ್ಥಳವು ಅದೊಂದೇ. ಹಳ್ಳಿಯಿಂದ ರಾಜಧಾನಿಗೆ ಬಂದ ಮುದುಕಿಯು ಕುದುರೆಯ ಮೇಲಿನ ಪಾಷಾನನ್ನು ತಲೆಯೆತ್ತಿ ನೋಡಬೇಕು. ಈ ಹೆಂಗಸಿನಲ್ಲಾದರೋ ತನ್ನನ್ನೇ ಕಾಣಬಹುದು. ಎಂಟು ವರ್ಷಗಳ ಅನಂತರ ಅದೇ ನಗರದಲ್ಲಿ ಅಂಟೋನ್ ಹನಾಕನು ಆರಂಭಿಸಿ ಯೋಸೆಫ್ ಥೋರಾಕನು ಮುಗಿಸಿದ ಗುವೆನ್ ಸ್ಮಾರಕದಲ್ಲಿ ಈ ಹೊರೆಯಿಲ್ಲ. ಉಬ್ಬಿದ ಮಾಂಸಖಂಡಗಳ ದೈತ್ಯರು ಅಲ್ಲಿರುವರು. ಹಸಿವೆಂಬುದನ್ನು ಕಂಡರಿಯದ ದೇಹಗಳವು. ಥೋರಾಕನು ಮುಂದೆ ಹಿಟ್ಲರನ ಆಸ್ಥಾನಶಿಲ್ಪಿಯಾಗಿ ಇಂತಹವೇ ದೇಹಗಳನ್ನು ಜರ್ಮನಿಯಲ್ಲಿ ಕಡೆದನೆಂಬುದನ್ನು ನೋಡಿದರೆ, ಅವುಗಳಲ್ಲಿ ತುರ್ಕಿಯದೆನ್ನಬಹುದಾದದ್ದು ಏನಿತ್ತೆಂಬ ಸಂಶಯ ಹುಟ್ಟುವುದು.

ಚಿತ್ರಕಲೆಯ ಕಡೆಗೆ ತಿರುಗಿದರೆ ಮೊದಲು ಎದುರಾಗುವುದು ಜೆಕಿ ಫಾಯಿಕ್ ಇಜೆರನು 1933ರಲ್ಲಿ, ಗಣರಾಜ್ಯದ ಹತ್ತನೆಯ ವರ್ಷದಲ್ಲಿ, ಬರೆದ 'ಕ್ರಾಂತಿಯ ಹಾದಿಯಲ್ಲಿ' ಎಂಬ ಪಟ. ಇದು ಫ್ರಾನ್ಸಿನ ದೆಲಕ್ರ್ವಾನು 1830ರಲ್ಲಿ ಬರೆದ, ಸ್ವಾತಂತ್ರ್ಯದೇವಿಯು ಜನರ ಮುಂದೆ ನಡೆಯುವ ಪ್ರಸಿದ್ಧ ಚಿತ್ರದ ಅನುಸರಣವೆಂಬುದನ್ನು ಯಾರೂ ಮುಚ್ಚಿಟ್ಟಿಲ್ಲ. ಅನುಸರಣವೇ ದೋಷವಲ್ಲ, ನಮ್ಮ ಕವಿಗಳಲ್ಲಿ ಯಾರು ಹಿಂದಿನವರಿಂದ ತೆಗೆದುಕೊಂಡಿಲ್ಲ? ಆದರೆ ಏನನ್ನು ಕೂಡಿಸಿಕೊಂಡನೆಂಬುದನ್ನು ನೋಡಬೇಕು. ದೆಲಕ್ರ್ವಾನ ಚಿತ್ರದಲ್ಲಿ ದೇವಿಗೆ ದಾರಿ ತೋರಿಸುವವರು ಯಾರೂ ಇಲ್ಲ, ದಾರಿಯು ಅವಳದೇ. ಇಜೆರನ ಪಟದಲ್ಲಿ ಹೆಂಗಸು ತುರ್ಕಿಯ ಧ್ವಜವನ್ನು ಹಿಡಿದಿರುವಳು, ದಿಕ್ಕನ್ನು ತೋರಿಸುವ ಬೆರಳು ಮಾತ್ರ ಅಧ್ಯಕ್ಷನದು. ಆ ಒಂದು ಬೆರಳಿನಿಂದ ಚಿತ್ರದ ಅರ್ಥವೇ ತಿರುಗಿಹೋಯಿತು. ಮೂಲದಲ್ಲಿ ಜನರು ಎದ್ದಿರುವರು. ಇಲ್ಲಿ ಜನರನ್ನು ಎಬ್ಬಿಸಲಾಗಿದೆ.

ಇದಕ್ಕಿಂತ ಸಣ್ಣದಾದ, ಗದ್ದಲವಿಲ್ಲದ ಒಂದು ಚಿತ್ರವನ್ನು ಪಕ್ಕದಲ್ಲಿಟ್ಟು ನೋಡತಕ್ಕದ್ದು. ಷೆರೆಫ್ ಅಕ್ದಿಕನು 1935ರಲ್ಲಿ ಬರೆದ 'ಶಾಲೆಗೆ ದಾಖಲೆ' ಎಂಬುದು. ವಸ್ತುವು ಹೆಸರಿನಲ್ಲಿಯೇ ಇದೆ: ಮಗುವನ್ನು ಶಾಲೆಗೆ ಸೇರಿಸಲು ಬಂದವರು. ಇದೂ ರಾಜ್ಯದ ನೀತಿಯನ್ನೇ ಹೇಳುವ ಚಿತ್ರ. ಆದರೆ ವಾಚ್ಯವಾಗಿ ಹೇಳುವುದಿಲ್ಲ. ತಾವು ಓದದಿದ್ದವರು ಮಗುವನ್ನು ಓದಿಸಲು ತರುವಾಗಿನ ಆಸೆಯೂ ಅಳುಕೂ ಯಾವ ದೇಶದವರಿಗೂ ಅರ್ಥವಾಗತಕ್ಕವು. ಧ್ವನಿಯೆಂದರೆ ಇದು.

ಈ ಷೆರೆಫನ ತಂದೆ ಕಾಮಿಲ್ ಅಕ್ದಿಕನು ಆ ಕಾಲದ ಪ್ರಸಿದ್ಧ ಲಿಪಿಕಾರ. ಲಿಪಿಕಾರರ ಮುಖ್ಯಸ್ಥನೆಂಬ ಬಿರುದು ಪಡೆದವನು. ಅವನ ಜೀವಮಾನವೆಲ್ಲ ಬೊಂತೆಕಡ್ಡಿಯ ಲೇಖನಿಯನ್ನು ಸರಿಯಾದ ಓರೆಯಲ್ಲಿ ಕೆತ್ತಿ, ಹಳೆಯ ಅಕ್ಷರಗಳನ್ನು ಅಳತೆ ತಪ್ಪದಂತೆ ಬರೆಯುವುದರಲ್ಲಿ ಕಳೆದಿತ್ತು. 1928ರ ಡಿಸೆಂಬರಿನಿಂದ ಪತ್ರಿಕೆಗಳೂ, 1929ರ ಜನವರಿಯಿಂದ ಪುಸ್ತಕಗಳೂ ಆ ಅಕ್ಷರಗಳಲ್ಲಿ ಅಚ್ಚಾಗಕೂಡದೆಂದು ಶಾಸನವಾಯಿತು. ತಂದೆಯ ವಿದ್ಯೆಯನ್ನು ಬೀದಿಯಿಂದ ಹೊರಡಿಸಿದ ಶಾಲೆಗೆ ಮಕ್ಕಳು ಸೇರುವ ದೃಶ್ಯವನ್ನು ಮಗನು ಬರೆದನು. ಆ ಮನೆಯಲ್ಲಿ ತಂದೆಮಕ್ಕಳ ನಡುವೆ ಏನು ಮಾತುಕತೆಯಾಯಿತೋ ಅದು ಹೊರಗಿನವರಿಗೆ ಬೇಕಾದದ್ದಲ್ಲ. ಆದರೆ ಚಿತ್ರದಲ್ಲಿ ವಿಜಯದ ಗರ್ವವು ಲೇಶವೂ ಇಲ್ಲದಿರುವುದನ್ನು ಮಾತ್ರ ಸಹೃದಯರು ಗಮನಿಸುವರು.

ಲಿಪಿಯ ಬದಲಾವಣೆಯು ಬರಿಯ ಹಟವೆಂದು ತಳ್ಳಿಹಾಕುವುದೂ ನ್ಯಾಯವಲ್ಲ. ತುರ್ಕಿ ಭಾಷೆಯಲ್ಲಿ ಸ್ವರಗಳು ಎಂಟು. ಅರಬ್ಬೀ ಲಿಪಿಯು ಸ್ವರಗಳ ವಿಷಯದಲ್ಲಿ ಜಿಪುಣ. ಹೊಸ ಲಿಪಿಯ 29 ಅಕ್ಷರಗಳಲ್ಲಿ ಎಂಟಕ್ಕೂ ಬೇರೆಬೇರೆ ಸ್ಥಾನ ದೊರೆಯಿತು. ಸ್ವರವ್ಯಂಜನಗಳೆಲ್ಲ ಕ್ರಮವಾಗಿ ಕುಳಿತಿರುವ ವರ್ಣಮಾಲೆಯಲ್ಲಿ ಓದಲು ಕಲಿತವರಿಗೆ ಆ ತೊಡಕಿನ ಪ್ರಮಾಣವು ಬೇಗನೆ ಮನಸ್ಸಿಗೆ ಬರುವುದಿಲ್ಲ. 1929ರ ಜನವರಿ 1ರಂದು ತೆರೆದ ರಾಷ್ಟ್ರಶಾಲೆಗಳಲ್ಲಿ ವಯಸ್ಕರು ಅಕ್ಷರ ಕಲಿತು, ಕೆಲವೇ ವರ್ಷಗಳಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಜನರು ಪ್ರಮಾಣಪತ್ರ ಪಡೆದರು. 1935ರ ಗಣತಿಯ ಹೊತ್ತಿಗೆ ಓದಬಲ್ಲವರು ಸುಮಾರು ಐವರಲ್ಲಿ ಒಬ್ಬರಾಗಿದ್ದರು. ಕರಿಹಲಗೆಯ ಚಿತ್ರಕ್ಕೆ ಹಿಂಬದಿಯಲ್ಲಿ ನಿಜವಾದ ಪಾಠವಿತ್ತು. ಆ ಚಿತ್ರದ ಬಲವೆಲ್ಲವೂ ಅದರಲ್ಲಿದೆ. ಚಿತ್ರದಲ್ಲಿ ಹೇಳಿದ್ದು ಚಿತ್ರದ ಹೊರಗೆ ನಡೆಯುತ್ತಿತ್ತು. ನಷ್ಟವೂ ಅಷ್ಟೇ ನಿಜವಾದದ್ದು: ಅಜ್ಜನು ಬರೆದಿಟ್ಟ ಕಾಗದವನ್ನು ಮೊಮ್ಮಗನು ಓದಲಾರದವನಾದನು. ಈ ನಷ್ಟವನ್ನು ಬರೆದ ರಾಜ್ಯಚಿತ್ರವು ಒಂದೂ ಕಾಣಬರುವುದಿಲ್ಲ, ಕಾಣಬರುವುದೂ ಸಾಧ್ಯವಿರಲಿಲ್ಲ.

ಅಚ್ಚಿನ ಚಿತ್ರಗಳಲ್ಲಿ ಇಹಾಪ್ ಹುಲೂಸಿಯ ಕೆಲಸವನ್ನು ಮರೆಯಲಾಗದು. ಮ್ಯೂನಿಕ್ ನಗರದಲ್ಲಿ ಕಲಿತು ಬಂದ ಈತನು ಭಿತ್ತಿಪತ್ರಗಳಿಂದ ಹಿಡಿದು ಮದ್ಯದ ಸೀಸೆಯ ಚೀಟಿಯವರೆಗೆ ಎಲ್ಲವನ್ನೂ ಬರೆದವನು. ಬಾಲಬೋಧೆಯ ಹೊದಿಕೆಯ ಮೇಲೆ ಅಧ್ಯಕ್ಷನು ಸಾಕುಮಗಳಾದ ಉಲ್ಕುವಿಗೆ ಅಕ್ಷರ ತೋರಿಸುತ್ತಿರುವ ಚಿತ್ರವು ಅವನದು. ಈಷ್ ಬ್ಯಾಂಕಿಗಾಗಿ ಉಳಿತಾಯವನ್ನು ಬೋಧಿಸುವ ಭಿತ್ತಿಪತ್ರಗಳನ್ನೂ ಅವನು ಬರೆದನು. 1924ರಲ್ಲಿ ಆ ಬ್ಯಾಂಕು ಹುಟ್ಟಿದಾಗ ಮೂಲಧನಕ್ಕೆ ಸೇರಿದ್ದು, ಭಾರತದ ಖಿಲಾಫತ್ ಚಳವಳಿಯವರು ಸಂಗ್ರಹಿಸಿ ಕಳುಹಿದ್ದ ಹಣದ ಒಂದು ಭಾಗವೆಂಬುದನ್ನು ಇಲ್ಲಿ ಪ್ರಾಸಂಗಿಕವಾಗಿ ಹೇಳಬಹುದು. ಖಲೀಫನನ್ನು ಉಳಿಸಲೆಂದು ನಮ್ಮವರು ಕೊಟ್ಟ ಹಣವು ಖಲೀಫನಿಲ್ಲದ ರಾಜ್ಯದ ಬ್ಯಾಂಕಾಯಿತು. ಇರಲಿ. ಹುಲೂಸಿಯ ಬಣ್ಣಗಳು ಸ್ಫುಟ, ರೇಖೆ ದೃಢ. ಮಾರುವ ಕಲೆಯಲ್ಲಿ ಮರೆಮಾಚುವಿಕೆಯಿಲ್ಲ. ಮಾರುತ್ತಿದ್ದೇನೆಂದು ಹೇಳಿಯೇ ಮಾರುವ ಭಿತ್ತಿಪತ್ರವು, ಕಲೆಯೆಂದು ಹೇಳಿಕೊಂಡು ಮಾರುವ ಪಟಕ್ಕಿಂತ ಎಷ್ಟೋ ಪ್ರಾಮಾಣಿಕವಾದುದು.

ಆ ಪ್ರಾಮಾಣಿಕತೆಯು ಕಡಮೆಯಾದದ್ದು ಪರದೇಶದವರಿಗಾಗಿ ಹೊರಟ ಪತ್ರಿಕೆಯಲ್ಲಿ. 'ಲಾ ತುರ್ಕಿ ಕೆಮಾಲಿಸ್ತ್' ಎಂಬ ಆ ಪತ್ರಿಕೆಯನ್ನು ಪತ್ರಿಕಾ ಇಲಾಖೆಯ ವೆದಾತ್ ನೆದಿಮ್ ತೋರನು 1934ರಲ್ಲಿ ಆರಂಭಿಸಿದನು. ಅದು 1948ರವರೆಗೆ ನಡೆಯಿತು. ಅದರ ಛಾಯಾಚಿತ್ರಗಳನ್ನು ಹೆಚ್ಚಾಗಿ ತೆಗೆದವನು ಆಸ್ಟ್ರಿಯದ ಒಥ್ಮಾರ್ ಪ್ಫೆರ್ಶಿ. 1932ರ ಶಾಸನವೊಂದು ವಿದೇಶೀಯರಿಗೆ ಹಲವು ಕಸುಬುಗಳನ್ನು ನಿಷೇಧಿಸಿದ್ದರಿಂದ ಊರು ಬಿಡಬೇಕಾಗಿದ್ದ ಈತನನ್ನು ಸರಕಾರವೇ ಕೆಲಸಕ್ಕೆ ಇಟ್ಟುಕೊಂಡಿತು. ಸಾವಿರಾರು ಚಿತ್ರಗಳನ್ನು ತೆಗೆದನು: ಅಂಕಾರಾದ ಅಗಲವಾದ ರಸ್ತೆಗಳು, ಅಣೆಕಟ್ಟುಗಳು, ಕಾರ್ಖಾನೆಗಳು, ನಗುವ ವಿದ್ಯಾರ್ಥಿನಿಯರು. ಬೆಳಕನ್ನು ಬಲ್ಲ ಕಣ್ಣು ಅವನದು, ಸಂದೇಹವಿಲ್ಲ. ಆದರೆ ದೇಶದ ಮುಕ್ಕಾಲು ಪಾಲು ಜನರು ಹಳ್ಳಿಗಳಲ್ಲಿದ್ದ ಕಾಲದಲ್ಲಿ ಆ ಹಳ್ಳಿಯ ಮಣ್ಣುಗೋಡೆಯು ಅವನ ಚಿತ್ರಗಳಲ್ಲಿ ಮನೋಹರವಾಗಿ ಕಂಡಿದೆಯೇ ಹೊರತು ಬಡತನವಾಗಿ ಕಂಡಿಲ್ಲ. ಸೋವಿಯತ್ ನಿರ್ದೇಶಕ ಯುತ್ಕೆವಿಚನು ಅಂಕಾರಾವನ್ನು ಕುರಿತು 1934ರಲ್ಲಿ ತಯಾರಿಸಿದ ಚಲಚ್ಚಿತ್ರದ ವಿಷಯದಲ್ಲಿಯೂ ಇದನ್ನೇ ಹೇಳಬೇಕಾದುದರಿಂದ ಬೇರೆ ಚರ್ಚೆ ಬೇಡ.

ಮುಚ್ಚಿಟ್ಟದ್ದು ಬಡತನವೊಂದನ್ನೇ ಅಲ್ಲ. 1934ರ ಡಿಸೆಂಬರಿನಲ್ಲಿ ಹೆಂಗಸರಿಗೆ ಶಾಸನಸಭೆಗೆ ಮತ ಕೊಡುವ, ನಿಲ್ಲುವ ಹಕ್ಕು ದೊರೆತು, 1935ರ ಸಭೆಯಲ್ಲಿ 18 ಮಂದಿ ಸದಸ್ಯೆಯರು ಕುಳಿತರು. ಆ ವರ್ಷದ ಚಿತ್ರಗಳನ್ನು ನೋಡಿ ಯಾರಾದರೂ ಸಂತೋಷಪಡಬೇಕು. ಆದರೆ ಅದೇ ದಶಕದ ಅತ್ಯಂತ ಪ್ರಚಾರ ಪಡೆದ ಸ್ತ್ರೀಚಿತ್ರವು ವಿಮಾನದ ಬಳಿ ನಿಂತ ಸಬಿಹಾ ಗೋಕ್ಚೆನಳದು, ಅಧ್ಯಕ್ಷನ ಸಾಕುಮಗಳು, ಯುದ್ಧವಿಮಾನವನ್ನು ನಡಸಿದ ತರುಣಿ. 1937ರಲ್ಲಿ ಅವಳು ವಿಮಾನದಿಂದ ಬಾಂಬು ಹಾಕಿದ್ದು ಹೊರಗಿನ ಶತ್ರುವಿನ ಮೇಲಲ್ಲ, ತುರ್ಕಿಯದೇ ಆದ ದೆರ್ಸಿಮ್ ಪ್ರಾಂತದ ಮೇಲೆ. 1937-38ರ ಆ ಸೈನಿಕ ಕಾರ್ಯಾಚರಣೆಯಲ್ಲಿ ಕುರ್ದರೂ ಅಲೆವಿಗಳೂ ಆದ ಬೆಟ್ಟಸೀಮೆಯ ಜನರು ಸಹಸ್ರಗಟ್ಟಲೆ ಸತ್ತರು. ಸಮವಸ್ತ್ರದ ತರುಣಿಯ ಚಿತ್ರವು ಎಲ್ಲೆಡೆಯೂ ಹಬ್ಬಿತು. ಕೆಳಗಿನ ಹಳ್ಳಿಗಳ ಚಿತ್ರವು ಯಾವ ಗೋಡೆಯ ಮೇಲೂ ಬರಲಿಲ್ಲ. ಒಂದೇ ಜನ, ಒಂದೇ ಮುಖ ಎಂದು ತೋರಿಸಲು ಹೊರಟ ಚಿತ್ರಮಾಲೆಗೆ ಬೇರೆ ಮುಖದವರು ಚೌಕಟ್ಟಿನ ಹೊರಗಿರಬೇಕಾಯಿತು.

ಮಿತ್ರಸಂಮಿತವೆನ್ನಬಹುದಾದ ಕೆಲಸವು ಅನಿರೀಕ್ಷಿತವಾದ ಕಡೆಯಿಂದ ಬಂದಿತು. 1938ರಲ್ಲಿ ಆಡಳಿತಪಕ್ಷವು ಹತ್ತು ಮಂದಿ ಚಿತ್ರಕಾರರನ್ನು ಹತ್ತು ಪ್ರಾಂತಗಳಿಗೆ ಕಳುಹಿತು. ಮುಂದೆಯೂ ಕೆಲವು ವರ್ಷ ಇದು ನಡೆಯಿತು. ಉದ್ದೇಶವು ರಾಷ್ಟ್ರದ ಪ್ರಗತಿಯನ್ನು ಬರೆಯಿಸುವುದು. ಹೋದವರಲ್ಲಿ ಬೆದ್ರಿ ರಹ್ಮಿಯಂತಹವರು ಹಳ್ಳಿಯ ಹೆಂಗಸರು ನೆಯ್ದ ಜಮಖಾನಗಳ ಮುಂದೆ ನಿಂತರು, ಬಣ್ಣವನ್ನು ಅಲ್ಲಿ ಕಲಿತರು. ಕಲಿಸಹೋದವರು ಕಲಿತು ಬಂದರು. ತುರ್ಗುತ್ ಜಾಯಿಮನ ರೈತರೂ ಕುರಿಗಾಹಿಗಳೂ ಯಾರ ಬೆರಳನ್ನೂ ನೋಡದೆ ತಮ್ಮ ಕುರಿಗಳನ್ನು ನೋಡುತ್ತಿರುವರು. ಚಿತ್ರವನ್ನು ಮಾಡಿಸಿದವರಿಗೆ ಇದರಿಂದ ಎಷ್ಟು ಪ್ರಯೋಜನವಾಯಿತೋ, ತುರ್ಕಿಯ ಚಿತ್ರಕಲೆಗೆ ಮಾತ್ರ ಆಯಿತು.

1938ರ ನವೆಂಬರ್ 10ರಂದು, ಅತಾತುರ್ಕನೆಂಬ ಹೆಸರನ್ನು ಪಡೆದಿದ್ದ ಕೆಮಾಲನು ತೀರಿಕೊಂಡನು. ಮುಂದಿನ ಅಧ್ಯಕ್ಷ ಇನೋನುವಿನ ಮುಖವು ನೋಟುಗಳ ಮೇಲೆ ಬಂದಿತು. 1950ರಲ್ಲಿ ಅಧಿಕಾರವು ಬೇರೆ ಪಕ್ಷಕ್ಕೆ ಹೋದಮೇಲೆ ಹಳೆಯ ಮುಖವೇ ಮರಳಿತು. ಪ್ರತಿಮೆಗಳನ್ನು ವಿಗ್ರಹಗಳೆಂದು ಭಾವಿಸಿದ ಒಂದು ಪಂಥದವರು ಅವನ್ನು ಒಡೆಯತೊಡಗಿದಾಗ, 1951ರ ಜುಲೈಯಲ್ಲಿ ಅತಾತುರ್ಕನ ಸ್ಮೃತಿಯನ್ನೂ ಪ್ರತಿಮೆಗಳನ್ನೂ ರಕ್ಷಿಸುವ ಶಾಸನವನ್ನೇ ಮಾಡಬೇಕಾಯಿತು. ವಿಗ್ರಹಾರಾಧನೆಯ ಭಯವು ಕಳೆದ ಕಾಲದ್ದೆಂದು ಬುರ್ಸಾದಲ್ಲಿ ಹೇಳಿ 28 ವರ್ಷಗಳಾಗಿದ್ದುವು. ಕರಿಹಲಗೆಯ ಚಿತ್ರಕ್ಕಾದರೋ ಕಾವಲು ಬೇಕಾಗಲಿಲ್ಲ. ಅದನ್ನು ಒಡೆಯುವುದು ಹೇಗೆ?

ಹಳೆಯ ಅಕ್ಷರಗಳ ಗತಿಯನ್ನು ಹೇಳಿ ಮುಗಿಸಬೇಕು. ಇಸ್ತಾಂಬೂಲಿನ ಆಯಾ ಸೋಫಿಯಾ ಮಸೀದಿಯನ್ನು 1934ರಲ್ಲಿ ವಸ್ತುಸಂಗ್ರಹಾಲಯವಾಗಿ ಮಾಡಲು ನಿರ್ಧರಿಸಿದಾಗ, ಮುಸ್ತಫಾ ಇಜ್ಜೆತ್ ಎಂಬ ಲಿಪಿಕಾರನು ಹತ್ತೊಂಬತ್ತನೆಯ ಶತಮಾನದಲ್ಲಿ ಬರೆದ ಎಂಟು ದೊಡ್ಡ ದುಂಡುಫಲಕಗಳನ್ನು ಕೆಳಗಿಳಿಸಿದರು. ಒಂದೊಂದರ ಅಡ್ಡಳತೆ ಏಳು ಮೀಟರುಗಳಿಗೂ ಹೆಚ್ಚು. ಹೊರಗೆ ಸಾಗಿಸೋಣವೆಂದರೆ ಯಾವ ಬಾಗಿಲಿನಲ್ಲಿಯೂ ಅವು ಹಿಡಿಸಲಿಲ್ಲ. ಒಳಗೆಯೇ ಉಳಿದು, 1949ರಲ್ಲಿ ಮತ್ತೆ ಗೋಡೆಯನ್ನೇರಿದುವು. 2020ರಲ್ಲಿ ಆ ಕಟ್ಟಡವು ಪುನಃ ಮಸೀದಿಯಾದಾಗಲೂ ಅಲ್ಲಿಯೇ ಇದ್ದುವು. ಕಾಮಿಲ್ ಅಕ್ದಿಕನನ್ನು 1936ರಲ್ಲಿ ಇಸ್ತಾಂಬೂಲಿನ ಲಲಿತಕಲಾ ಅಕಾಡೆಮಿಗೆ ಕರೆದರು. ಅಲ್ಲಿ ಹೊಸದಾಗಿ ತೆರೆದ ಅಲಂಕಾರಕಲೆಗಳ ವಿಭಾಗದಲ್ಲಿ ಹಳೆಯ ಲಿಪಿಯನ್ನು ಅವನು ಕಲಿಸತೊಡಗಿದನು. ಓದುವುದಕ್ಕಲ್ಲ, ಚಿತ್ರವಾಗಿ ಬರೆಯುವುದಕ್ಕೆ. 1941ರಲ್ಲಿ ಅವನು ತೀರಿಕೊಂಡನು.